ಯಾಕಮ್ಮನ ಮನೆಗೇ ಬಂದ ಮೌಲ್ಯಮಾಪನ

ಆಫೀಸಿನಲ್ಲಿ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟ ಪುಣ್ಯಾತ್ಮರ ಬಾಯಿಗೆ ಸಕ್ಕರೆ ಹಾಕಬೇಕು. ಯಾವ ಫೈಲು ಬಂದರೂ ಅವಳ ಮೊದಲ ಮಾತು "ಯಾಕೆ?" ಎಂದೇ. ರಾಜ್ಯ ಸರ್ಕಾರದ ಮೌಲ್ಯಮಾಪನ ವಿಭಾಗದ ಕೊನೆಯ ಕೋಣೆಯಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ, ಕಾಗದಗಳು ಹಾರದಂತೆ ಕಲ್ಲಿಟ್ಟುಕೊಂಡು ಕೂತೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದಾಳೆ. ಆ ಕಿರುಗುಟ್ಟುವ ಸದ್ದಿಲ್ಲದೆ ಮಧ್ಯಾಹ್ನದ ನಿದ್ದೆಯೂ ಸರಿಯಾಗಿ ಹತ್ತುವುದಿಲ್ಲ.

ಅವಳು ಕೆಲಸದಲ್ಲಿದ್ದ ಕಾಲದಲ್ಲಿ ಒಂದು ಯೋಜನೆ ಗೆದ್ದಿತೋ ಸೋತಿತೋ ಎಂದು ಹೇಳುತ್ತಿದ್ದುದು ಅದನ್ನು ನಡೆಸಿದ ಇಲಾಖೆಯೇ. ಹೆತ್ತವರಿಗೆ ಹೆಗ್ಗಣ ಮುದ್ದು ತಾನೆ? ಹಾಗಾಗಿ ಸೋತ ಯೋಜನೆ ಎಂಬುದೇ ಇಡೀ ರಾಜ್ಯದಲ್ಲಿ ಇರಲಿಲ್ಲ. ಕೊನೆಗೆ ಸರ್ಕಾರಕ್ಕೇ ನಾಚಿಕೆಯಾಗಿ ಮೌಲ್ಯಮಾಪನ ನೀತಿಯೊಂದನ್ನು ತರಲು ಹೊರಟಾಗ, ಕರಡು ಬರೆಯುವ ಕೆಲಸ ಯಾಕಮ್ಮನ ತಲೆಗೆ ಬಂತು. ಅವಳು ಬರೆದದ್ದು ಸರಳವಾಗಿತ್ತು. ಯೋಜನೆ ನಡೆಸಿದವರು, ಅವರ ಮನೆಯವರು ಅದನ್ನು ಅಳೆಯಕೂಡದು. ಯೋಜನೆಯ ಲಾಭ ಪಡೆದವರಲ್ಲಿ ಯಾರನ್ನು ಕೇಳಬೇಕೆಂದು ಚೀಟಿ ಎತ್ತಿ ಆರಿಸಬೇಕು; ಆಮೇಲೆ ಆ ಪಟ್ಟಿಯನ್ನು ಯಾರೂ ಮುಟ್ಟಕೂಡದು. ವರದಿ ಸಿಹಿಯಿರಲಿ ಕಹಿಯಿರಲಿ, ಜನರ ಮುಂದಿಡಬೇಕು. ಏನನ್ನು ತಿದ್ದಿಕೊಳ್ಳುತ್ತೇವೆಂದು ಇಲಾಖೆ ಬರೆದುಕೊಡಬೇಕು.

ಕಾರ್ಯದರ್ಶಿಗಳು ಕನ್ನಡಕ ತೆಗೆದರು. "ಅಲ್ಲಮ್ಮ, ಮನೆ ಗುಟ್ಟು ಬೀದಿಗೆ ಹಾಕೋದಾ?"

"ಯಾಕೆ ಸಾರ್, ದುಡ್ಡು ಬೀದೀಲಿರೋರದ್ದೇ ಅಲ್ವಾ?"

ಅವರು ನಕ್ಕರು, ಒಪ್ಪಿದರು.

ನೀತಿಯ ಕೈಗೆ ಮೊದಲು ಸಿಕ್ಕಿದ್ದು ವಯಸ್ಕರ ಶಿಕ್ಷಣ ಯೋಜನೆ. ಅದನ್ನು ಕಟ್ಟಿದವನು ಅವಳ ಅಣ್ಣ. ಅಪ್ಪ ಹೋದ ಮೇಲೆ ತನ್ನ ಓದನ್ನು ಪಕ್ಕಕ್ಕಿಟ್ಟು, ತಂಗಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಲೇಜಿಗೆ ಬಿಟ್ಟು ಓದಿಸಿದವನು. ಆಮೇಲೆ ತಾನೂ ಓದಿ ಇಲಾಖೆ ಸೇರಿದವನು. ಅವನ ತರಗತಿಯ ಮೊದಲ ವಿದ್ಯಾರ್ಥಿನಿ ಅಮ್ಮ. ಅವಳು ನಾಲಿಗೆ ಕಚ್ಚಿಕೊಂಡು ಸಹಿ ಹಾಕುತ್ತಿರುವ ಫೋಟೋ ಯೋಜನೆಯ ಕರಪತ್ರದ ಮೇಲೇ ಇತ್ತು. ಸಹಿ ಹಾಕಲು ಕಲಿತವರೆಲ್ಲ ಅಕ್ಷರಸ್ಥರು ಎಂಬುದು ಇಲಾಖೆಯ ಲೆಕ್ಕ.

ಯಾಕಮ್ಮ ಅಂದೇ ಆ ಫೈಲನ್ನು ಸಹೋದ್ಯೋಗಿಯ ಮೇಜಿಗೆ ಇಟ್ಟು ದೂರ ಸರಿದಳು. ಆದರೆ ಚೀಟಿ ಸುಮ್ಮನಿರಬೇಕಲ್ಲ! ಅಮ್ಮನ ಹೆಸರೇ ಬಂತು. ವಿಳಾಸ ಕೇಳಿ ಇಲಾಖೆಗೆ ಹೋದ ಪಟ್ಟಿಯಲ್ಲಿ ಅದನ್ನು ಕಂಡ ಅಣ್ಣ ಸಂಜೆಯೇ ತಂಗಿಯ ಮನೆಗೆ ಓಡಿಬಂದ. ಅಮ್ಮ ಇದ್ದುದು ಅಲ್ಲಿಯೇ.

"ಪುಟ್ಟಿ, ಆ ಹೆಸರೊಂದು ತೆಗೆಸು. ಯೋಜನೆ ಮುಚ್ಚಿದ್ರೆ ನನ್ನ ಅಷ್ಟೂ ವರ್ಷ ನೀರಲ್ಲಿ ಹೋಮ."

"ಮುಟ್ಟಬಾರದು ಅಂತ ಬರೆದೋಳೇ ನಾನು, ಅಣ್ಣ."

"ನಿನ್ನ ಓದಿಸಿದ್ದಕ್ಕೆ ಇದಾ?"

ಆ ಮಾತು ಅವಳ ಎದೆಗೆ ನಾಟಿತು. ಅಣ್ಣ ಅಮ್ಮನತ್ತ ತಿರುಗಿದ. "ಅಮ್ಮ, ಓದಿ ಅಂದ್ರೆ ಕನ್ನಡಕ ಒಡೆದುಹೋಗಿದೆ ಅಂದ್ಬಿಡು."

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಅವಳು ಬಸ್ ಸ್ಟಾಪಿನಲ್ಲಿ ಪಕ್ಕದವರನ್ನು ಕೇಳಿಯೇ ಬಸ್ಸು ಹತ್ತುತ್ತಾಳೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಊರಿಗೆಲ್ಲ ಯಾಕೆ ಎಂದು ಕೇಳುವ ಯಾಕಮ್ಮ ಅದನ್ನೊಂದು ಯಾಕೆಂದು ಕೇಳಿರಲಿಲ್ಲ.

ಮರುದಿನ ಸಮೀಕ್ಷೆಯ ಹೆಂಗಸು ಬಂದಾಗ ಅಣ್ಣ ತಂಗಿ ಇಬ್ಬರೂ, ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗೆ, ಅಡುಗೆಮನೆಯಲ್ಲಿ ನಿಂತಿದ್ದರು. ಅಮ್ಮ ಚೆಂದವಾಗಿ ಸಹಿ ಹಾಕಿದಳು. ಹೆಂಗಸು ಬಸ್ಸಿನ ಬೋರ್ಡಿನ ಚಿತ್ರವೊಂದನ್ನು ಮುಂದಿಟ್ಟು ಓದಲು ಹೇಳಿದಳು. ಕನ್ನಡಕ ಅಮ್ಮನ ಮೂಗಿನ ಮೇಲೇ ಇತ್ತು.

"ಬರಲ್ಲಮ್ಮ. ನನ್ನ ಹೆಸರಲ್ಲಿರೋ ಅಕ್ಷರ ಬಿಟ್ರೆ ಬೇರೆಯವು ಪರಿಚಯ ಇಲ್ಲ."

ಹೆಂಗಸು ಹೋದ ಮೇಲೆ ಅಣ್ಣ ಹೊರಗೆ ಬಂದ. "ಮಾನ ಕಳೆದ್ಯಲ್ಲಮ್ಮ!"

"ನಾನು ಸಹಿ ಹಾಕಿದ್ದೇ ತಡ, ಎಲ್ರೂ ಚಪ್ಪಾಳೆ ತಟ್ಟಿ ಎದ್ದು ಹೋದ್ರಿ," ಅಂದಳು ಅಮ್ಮ. "ನಾನು ಇನ್ನೂ ಸ್ಲೇಟು ಹಿಡ್ಕೊಂಡು ಕೂತೇ ಇದ್ದೆ ಕಣೋ."

ಅಣ್ಣ ಚಪ್ಪಲಿ ಮೆಟ್ಟಿ ಹೊರಟುಹೋದ. ವರದಿ ಹೊರಬಂತು, ಪತ್ರಿಕೆಗಳು ಆಡಿಕೊಂಡವು, ಅಣ್ಣ ತಂಗಿಯ ಮನೆಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಇಲಾಖೆಯ ಉತ್ತರ ಯಾಕಮ್ಮನ ಕೋಣೆಗೆ ಬಂತು. ಇನ್ನು ಮುಂದೆ ಸಹಿ ನೋಡಿ ಪಾಸು ಮಾಡುವುದಿಲ್ಲ, ಬಸ್ಸಿನ ಬೋರ್ಡು ಓದುವ ತನಕ ತರಗತಿ ನಿಲ್ಲಿಸುವುದಿಲ್ಲ ಎಂದಿತ್ತು. ಆ ದುಂಡು ಅಕ್ಷರ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಫ್ಯಾನಿನ ಕೆಳಗೆ ಕೂತು ಅತ್ತಳು.

ಅಣ್ಣನೇ ಬಂದು ಅಮ್ಮನನ್ನು ಮತ್ತೆ ತರಗತಿಗೆ ಕರೆದೊಯ್ದ. ಓದು ಬಂದ ಮೇಲೆ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಬಸ್ಸಿನಲ್ಲಿ ಕೂತರೆ ಪ್ರತಿ ಅಂಗಡಿಯ ಬೋರ್ಡನ್ನೂ ಅಕ್ಷರ ಕೂಡಿಸಿ ಜೋರಾಗಿ ಓದುವಳು. ಎರಡೂ ಬದಿಯಲ್ಲಿ ಕೂತ ಅಣ್ಣ ತಂಗಿ, "ಮೆಲ್ಲಗಮ್ಮ, ಜನ ನೋಡ್ತಾರೆ," ಎಂದು ಅವಳ ಕೈ ಜಗ್ಗುವರು.

ಅಮ್ಮ ಹೋಗಿ ವರ್ಷಗಳಾದವು. ಮೊನ್ನೆ ಅಣ್ಣ ತಂಗಿ ಪೆನ್ಷನ್ ಆಫೀಸಿಗೆಂದು ಬಸ್ಸಿನಲ್ಲಿ ಹೊರಟಿದ್ದರು. ಕಿಟಕಿಯ ಪಕ್ಕ ಕೂತ ಅಣ್ಣ ಇದ್ದಕ್ಕಿದ್ದಂತೆ, "ಹೊ... ಲಿ... ಗೆ... ಯಂತ್ರ... ರಿಪೇರಿ," ಎಂದು ಜೋರಾಗಿ ಓದಿದ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಯಾಕಮ್ಮ ಅವನ ಕೈ ಜಗ್ಗಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಮುಂದಿನ ಬೋರ್ಡನ್ನು ಅವಳು ಓದಿದಳು.