ಮಾವನವರ ಎಡೆಗೆ ಬೀಡಿ ಇಟ್ಟ ಕೈ ಯಾರದೆಂಬುದರ ಕುರಿತು

ಮಾನ್ಯ ಓದುಗರೇ,

ಮೊದಲನೆಯದಾಗಿ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಒತ್ತಕ್ಷರಗಳು ಗೆರೆಯಿಂದ ಜಾರುತ್ತವೆ, ಕಾಗುಣಿತವೂ ತಪ್ಪಿರಬಹುದು. ಮಹಿಳಾ ಸಂಘದ ಕಾರ್ಯದರ್ಶಿಯಾಗಿ ಬ್ಯಾಂಕಿಗೂ ಪಂಚಾಯಿತಿಗೂ ಅರ್ಜಿ ಬರೆದು ರೂಢಿಯೇ ಹೊರತು, ನನ್ನ ಮನೆಯ ವಿಷಯ ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಅರ್ಜಿಯ ಧಾಟಿಯಲ್ಲಿಯೇ ನಿವೇದಿಸಿಕೊಳ್ಳುತ್ತೇನೆ.

ನಾವು ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯವರು. ನನ್ನ ಯಜಮಾನರಿಗೆ ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಅದನ್ನು ಅವರು ಒತ್ತರಿಸಿಕೊಳ್ಳುವ ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಮೂಡಿತ್ತು. ಅವರ ತಂದೆ, ಅಂದರೆ ನನ್ನ ಮಾವನವರು, ಬೀಡಿ ಸೇದಿ ಸೇದಿ ಗಂಟಲ ಕ್ಯಾನ್ಸರಿನಿಂದ ತೀರಿಕೊಂಡವರು. ಹೀಗಾಗಿ ಆ ಮಚ್ಚೆ ಕಂಡಂದಿನಿಂದ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆಸ್ಪತ್ರೆಗೆ ತೋರಿಸಿ ಎಂದರೆ, "ಸುಣ್ಣ ಜಾಸ್ತಿಯಾಗಿ ಬೆಂದದೆ, ಬುಡಮ್ಮಿ" ಎನ್ನುತ್ತಿದ್ದರು.

ಬಾಯಿಮಾತು ನಾಟದ ಕಾರಣ ಮೊಬೈಲಿನ ಮೊರೆ ಹೊಕ್ಕೆ. "ತಂಬಾಕು ಸೇವನೆಯು ಮಾರಕವಾಗಿದ್ದು, ಸಾರ್ವಜನಿಕರು ಇದರಿಂದ ದೂರವಿರತಕ್ಕದ್ದು" ಎಂದು ಬಣ್ಣದ ಹಿನ್ನೆಲೆಯ ಮೇಲೆ ಬರೆದು, ಪ್ರತಿ ಬೆಳಿಗ್ಗೆ ಸಂಘದ ಗುಂಪಿಗೂ ಹಾಲಿನ ಡೈರಿಯ ಗುಂಪಿಗೂ ಹಾಕತೊಡಗಿದೆ. ಕೈಮುಗಿದ ಚಿತ್ರಗಳು ಬಂದವು. ಒಬ್ಬರು "ನಿಮಗೂ ಶುಭೋದಯ" ಎಂದು ಉತ್ತರಿಸಿದರು. ಯಜಮಾನರು ಓದಿ, "ಚೆಂದಾಗದೆ ಕಣಮ್ಮಿ, ಕರೆಂಟ್ ಆಪೀಸಿನ ನೋಟೀಸ್ ಇದ್ದಂಗದೆ" ಎಂದು ಕೆನ್ನೆಗೆ ಇನ್ನೊಂದು ಚೂರು ಸೇರಿಸಿಕೊಂಡರು.

ಇದೇ ಮನೆಯಲ್ಲಿ ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿಯೂ ಇದ್ದಾಳೆ. ಆಕೆ ರೀಲ್ಸ್ ಮಾಡುವವಳು. ಹಸುವಿನ ಕೆಚ್ಚಲು ತೊಳೆದರೂ ರೀಲ್ಸು, ಸಾರಿಗೆ ಒಗ್ಗರಣೆ ಬಿದ್ದರೂ ರೀಲ್ಸು. ಎಲ್ಲಕ್ಕೂ ಜನ ಮುಗಿಬೀಳುತ್ತಿದ್ದರು. ಆಕೆಯ ಮೊಬೈಲು ಟಿಂಗ್ ಎಂದಾಗಲೆಲ್ಲ ಆ ಒಗ್ಗರಣೆ ನನ್ನ ಹೊಟ್ಟೆಯೊಳಗೇ ಸಿಡಿಯುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಇಷ್ಟವಾಗಿದ್ದುದನ್ನೆಲ್ಲ ಅಂದು ಬಾಳೆಲೆಯ ಮೇಲೆ ಎಡೆಯಿಟ್ಟು, ಅವರು ಬಂದು ಉಂಡು ಹೋಗಲೆಂದು ಬಾಗಿಲು ಮುಚ್ಚಿ ಕಾಯುವುದು ನಮ್ಮಲ್ಲಿನ ಪದ್ಧತಿ. ಹಿರಿಯ ಸೊಸೆಯಾದ್ದರಿಂದ ಎಡೆ ನನ್ನ ಪಾಲಿನ ಕೆಲಸ. ಮುದ್ದೆ, ಬಾಡಿನ ಸಾರು, ಕಜ್ಜಾಯ ಬಡಿಸಿ, ವಾಡಿಕೆಯಂತೆ ಮಾವನವರ ಪಟದ ಮುಂದೆ ಬೀಡಿ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಇಟ್ಟೆ. ಅಂದು ಬೆಳಿಗ್ಗೆಯೂ ತಂಬಾಕಿನ ಸಂದೇಶ ಕಳುಹಿಸಿದ್ದೆ. ಸದರಿ ಸಂದೇಶವು ಸತ್ತವರಿಗೂ ಅನ್ವಯಿಸುತ್ತದೆಂದು ನನಗೆ ತೋಚಲಿಲ್ಲ.

"ಅಕ್ಕ, ಮಾವುಂಗೆ ಬೀಡಿ ಮಡಗ್ತಿದ್ದೀಯಾ?" ಎಂದಳು ಓರಗಿತ್ತಿ, ಬಾಗಿಲಲ್ಲಿ ನಿಂತು.

"ಇಲ್ದಿದ್ರೆ ಎಡೆ ಮುಟ್ಟದಂಗೆ ವಾಪಸ್ ಓಯ್ತಾರೆ ಕಣೆ" ಎಂದೆ.

ಅಷ್ಟರಲ್ಲಿ ಆಕೆಯ ಮೊಬೈಲು ಮೇಲೆದ್ದಿತ್ತು. "ನೋಡ್ರಪ್ಪಾ, ನಮ್ಮ ಮಾವುನ್ನ ತಿಂದಾಕಿದ್ದು ಈ ಬೀಡಿ. ಕೊಂದೋನ್ನೇ ಕರ್ದು ಪಕ್ದಲ್ಲಿ ಕುಂಡ್ರುಸ್ತಾವ್ರೆ ನಮ್ಮಕ್ಕ! ಇದ್ನ ಬುಟ್ಟಿದ್ರೆ ಮಾವ ಇವತ್ತು ಪಟದೊಳಗೆ ಇರ್ತಿರ್ನಿಲ್ಲ, ನಮ್ಜೊತೆ ಕುಂತ್ಕಂಡು ಮುದ್ದೆ ಮುರೀತಿದ್ರು."

ವಿಡಿಯೋ ಹಬ್ಬಿತು. ಮಳವಳ್ಳಿಯ ತವರಿನಿಂದ ಅವ್ವ ಫೋನು ಮಾಡಿದಳು: "ಬಳೆ ನೋಡಿ ಗೊತ್ತಾಯ್ತು ಕಣವ್ವ, ಬೀಡಿ ಮಡಗೋ ಕೈ ನಿಂದೇ ಅಂತ. ನಿನ್ ಓರಗಿತ್ತಿ ಏನ್ ಮಾತಾಡ್ತಾಳೆ ಅಂತೀಯ!" ಮದ್ದೂರಿನ ಬಸ್ಸಿನಲ್ಲಿ ಕಂಡಕ್ಟರು, "ಎಡೆ ಮೇಡಮ್ಮು ನೀವೇ ಅಲ್ವಾ?" ಎಂದು ಓರಗಿತ್ತಿಗೆ ಸೀಟು ಬಿಡಿಸಿಕೊಟ್ಟ. ನಾನು ಇಬ್ಬರ ಬ್ಯಾಗನ್ನೂ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ವಿಡಿಯೋದಲ್ಲಿ ಆಕೆಗೆ ಮುಖ, ಮಾತು, ಹೆಸರು. ನನಗೆ ಮೊಣಕೈಯಿಂದ ಕೆಳಗೆ ಮಾತ್ರ.

ಆದರೆ ಒಂದು ಸಂಜೆ ಕೊಟ್ಟಿಗೆಗೆ ಹೋದಾಗ ಯಜಮಾನರು ಹುಲ್ಲಿನ ಹೊರೆಯ ಮೇಲೆ ಕುಳಿತು ಅದೇ ವಿಡಿಯೋ ನೋಡುತ್ತಿದ್ದರು. ಮುಗಿದೊಡನೆ ಮತ್ತೆ ಮೊದಲಿನಿಂದ ಹಾಕಿದರು. ನಗುತ್ತಿರಲಿಲ್ಲ. ನನ್ನನ್ನು ಕಂಡು, "ನಂಗೂ ಇಂಗೇ ಹೊಗೆಸೊಪ್ಪು ಮಡಗ್ತೀಯೇನಮ್ಮಿ?" ಎಂದರು. ನಾನು ಹಾಲಿನ ಚೊಂಬನ್ನು ಕೆಳಗಿಟ್ಟೆ. "ನಾಳಿಕ್ಕೆ ಮಂಡ್ಯಕ್ಕೋಗಿ ಬಾಯಿ ತೋರ್ಸ್ಕಂಡು ಬರಾನ" ಎಂದರು.

ಮಂಡ್ಯದ ಆಸ್ಪತ್ರೆಯಲ್ಲಿ ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಫಲಿತಾಂಶ ಬರುವವರೆಗೆ ನಾನು ಬೇಡಿಕೊಳ್ಳದ ದೇವರಿಲ್ಲ. ಅದು ಕ್ಯಾನ್ಸರ್ ಅಲ್ಲವೆಂದೂ, ಹೊಗೆಸೊಪ್ಪು ಮುಂದುವರಿಸಿದರೆ ಅಲ್ಲಿಗೇ ಹೋಗಿ ಮುಟ್ಟಬಹುದೆಂದೂ ವೈದ್ಯರು ತಿಳಿಸಿದರು. ನನ್ನ ಕಣ್ಣು ತುಂಬಿ ಬಂತು. ಆಗ ವೈದ್ಯರು, "ಒಳ್ಳೇ ಟೈಮಿಗೆ ಬಂದ್ರಿ. ಯಾರು ಹೇಳಿದ್ರು ಬರೋಕೆ?" ಎಂದು ಕೇಳಿದರು.

"ನಮ್ ತಮ್ಮನ ಎಂಡ್ತಿ, ಸಾ" ಎಂದರು ಯಜಮಾನರು.

ನಾನು ಅವರ ಪಕ್ಕದ ಕುರ್ಚಿಯಲ್ಲಿಯೇ ಇದ್ದೆನೆಂಬುದನ್ನು ಈ ಮೂಲಕ ದಾಖಲಿಸುತ್ತೇನೆ. ಗಂಡ ಉಳಿದ ಸಂತೋಷವೂ, ಉಳಿಸಿದವಳು ನಾನಲ್ಲವೆಂಬ ಉರಿಯೂ ಒಂದೇ ಕಣ್ಣೀರಿನಲ್ಲಿ ಇಳಿದವು.

ಅವರು ಹೊಗೆಸೊಪ್ಪಿನ ಡಬ್ಬಿಯನ್ನು ಒಲೆಗೆ ಸುರಿದ ದಿನ, ಆಕೆಯ ವಿಡಿಯೋವನ್ನು ಮೊದಲ ಬಾರಿಗೆ ನನ್ನ ಕೈಯಾರೆ ಸಂಘದ ಗುಂಪಿಗೂ ಡೈರಿಯ ಗುಂಪಿಗೂ ಕಳುಹಿಸಿದೆ. ಡೈರಿಯ ಗುಂಪಿನಲ್ಲಿ ಹೊಗೆಸೊಪ್ಪು ಒತ್ತರಿಸಿಕೊಂಡ ಕೆನ್ನೆಗಳು ಇನ್ನೂ ಎಷ್ಟಿವೆಯೋ. ಕೆಳಗೆ ಹೀಗೆ ಬರೆದೆ: "ತಮ್ಮೆಲ್ಲರ ಅವಗಾಹನೆಗಾಗಿ. ಇದರಲ್ಲಿ ಕಾಣುವ ಕೈ ನನ್ನದು."

ಓರಗಿತ್ತಿ ಅದಕ್ಕೊಂದು ಕೆಂಪು ಹೃದಯ ಒತ್ತಿದಳು. ಅದೂ ನನಗೆ ಉರಿಯಿತು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಾವೇ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಆಕೆಯಿಂದ ಮಾತ್ರ ತಿದ್ದಿಸಬಾರದಾಗಿ ವಿನಂತಿ.