ಸೊನ್ನೆ ಕೊಟ್ಟು ಮುಂದೆ ಕಳಿಸುವ ಸಾಲು

ತೀಸಾ ನದಿಯ ನೆರೆ ಮುನ್ಸೂಚನೆ ಕಚೇರಿಗೆ ಎತೆಲ್ಕಾ ವಾದಾಸ್ ಮದುವೆಗೆ ಮುಂಚೆ ಸೇರಿದಳು. ಗಂಡ ಸತ್ತ ಮೇಲೂ ಅದೇ ಕುರ್ಚಿಯಲ್ಲಿ ಕೂತಳು. ಬೆಳಿಗ್ಗೆ ಐದಕ್ಕೆ ನದಿಯುದ್ದಕ್ಕೂ ನೀರಳತೆಯ ಕಂಬ ನೋಡುವವರು ಫೋನ್ ಮಾಡಿ ಮಟ್ಟ ಹೇಳುತ್ತಿದ್ದರು. ಆಕೆ ಅದನ್ನು ಕಂಪ್ಯೂಟರಿಗೆ ತುಂಬಿ ಪ್ರೋಗ್ರಾಂ ಓಡಿಸುತ್ತಿದ್ದಳು. ನಾಳೆ ಎಲ್ಲಿ ನೀರು ಎಷ್ಟು ಏರುತ್ತದೆಂಬ ಪ್ರಕಟಣೆ ಏಳಕ್ಕೆ ಸರಿಯಾಗಿ ಹಳ್ಳಿಗಳಿಗೆ ಹೊರಡುತ್ತಿತ್ತು.

ಪ್ರೋಗ್ರಾಂ ಓಡಿಸಲು ಬೆರಳಚ್ಚಿಸಬೇಕಾದ ಸಾಲನ್ನು ಹಿರಿಯ ಸಹೋದ್ಯೋಗಿ ದೆಜೊ ಕಲಿಸಿಕೊಟ್ಟಿದ್ದ. ಅದರಲ್ಲಿ ಪ್ರೊಸೆಸರಿಗೆ ಎರಡು ಅಪ್ಪಣೆಗಳಿದ್ದವು. ಲೆಕ್ಕದ ನಡುವೆ ತೀರ ಸಣ್ಣ ದಶಮಾಂಶ ಸಂಖ್ಯೆ ಹುಟ್ಟಿದರೆ ಸೊನ್ನೆಯೆಂದೇ ಹಿಡಿ, ಕೆಲಸ ಬೇಗ ಸಾಗಲಿ. ಮೆಮೊರಿಯಲ್ಲಿ ಏನೂ ಇಲ್ಲದ ಜಾಗಕ್ಕೆ ಪ್ರೋಗ್ರಾಂ ಕೈಹಾಕಿದರೆ ತಡೆಯಬೇಡ, ಸೊನ್ನೆ ಕೊಟ್ಟು ಮುಂದೆ ಕಳಿಸು.

"ಏಳಕ್ಕೆ ಪ್ರಕಟಣೆ ಹೋಗಲೇಬೇಕಮ್ಮ. ಯಂತ್ರ ನಿಂತಿದೆ ಅಂತ ನದಿಗೆ ರಜೆ ಕೊಡೋಕಾಗುತ್ತಾ?" ಎನ್ನುತ್ತಿದ್ದ ದೆಜೊ. ಅವನು ತೀರಿಕೊಂಡ. ಸಾಲು ಉಳಿಯಿತು. ಎತೆಲ್ಕಾ ದಿನವೂ ಅದನ್ನು ನೋಡದೆಯೇ ಬೆರಳಚ್ಚಿಸುತ್ತಿದ್ದಳು.

ಆ ಮಾರ್ಚಿನಲ್ಲಿ ಬೆಟ್ಟದ ಹಿಮವೂ ಮಳೆಯೂ ಒಟ್ಟಿಗೇ ಇಳಿದವು. ತಗ್ಗಿನ ಹಳ್ಳಿಯಾದ ಕಿಶ್‌ಬೋದೊನ್‌ನಲ್ಲಿ ನೀರು ಮುನ್ಸೂಚನೆಗಿಂತ ಮೊದಲ ದಿನ ಹನ್ನೊಂದು ಸೆಂಟಿಮೀಟರ್ ಹೆಚ್ಚು ಬಂತು, ಮರುದಿನ ಹತ್ತೊಂಬತ್ತು. ಮೂರನೆಯ ಬೆಳಿಗ್ಗೆ ಯಂತ್ರ ಹೇಳಿತು: ನೀರು ನದಿದಂಡೆಯ ಏರಿಯ ತಲೆಗಿಂತ ಒಂದು ಗೇಣು ಕೆಳಗೇ ನಿಲ್ಲುತ್ತದೆ. ಎತೆಲ್ಕಾಗೆ ನಂಬಿಕೆ ಬರಲಿಲ್ಲ. ಪ್ರಕಟಣೆಯನ್ನು ಕಳಿಸದೆ ಕೈಯಲ್ಲೇ ಇಟ್ಟುಕೊಂಡಳು.

ಆ ಹಳ್ಳಿಯ ಮೇಯರ್ ರೊಜಾಲಿಯಾಳ ಫೋನ್ ಬಂತು. "ಬಸ್ಸು ಬಂದು ನಿಂತಿವೆ ಕಣೇ. ಜನಾನ ಹತ್ತಿಸ್ಲಾ, ಬಸ್ಸು ವಾಪಸ್ ಕಳಿಸ್ಲಾ?"

"ಸ್ವಲ್ಪ ತಾಳು."

"ಅದನ್ನ ನದಿಗೆ ಹೇಳು, ನನಗಲ್ಲ."

ಮುಖ್ಯಸ್ಥ ಕೆಲೆಮೆನ್ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. ಎಲ್ಲೋ ನೀರು ಸೊನ್ನೆಯಾಗುತ್ತಿದೆಯೇನೋ, ಓಡಿಸುವ ಸಾಲನ್ನು ಬದಲಿಸಿ ನೋಡುತ್ತೇನೆಂದು ಆಕೆ ಹೇಳಿದಳು.

"ನೆರೆ ಬಂದಾಗಲೇ ನಿನಗೆ ಯಂತ್ರ ಕೆದಕೋ ಶೋಕಿ ಬಂತಾ? ಇಷ್ಟು ವರ್ಷ ಏನ್ ಮಾಡ್ತಿದ್ದೆ?"

"ಬೆರಳಚ್ಚಿಸ್ತಿದ್ದೆ, ಸಾಹೇಬ್ರೆ."

ಮೊದಲ ಅಪ್ಪಣೆಯನ್ನು ತೆಗೆದು ಓಡಿಸಿದಳು. ತಡವಾಯಿತೇ ಹೊರತು ಉತ್ತರ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಎರಡನೆಯದನ್ನು ತೆಗೆದಳು. ಹನ್ನೊಂದನೆಯ ನಿಮಿಷಕ್ಕೆ ಪ್ರೋಗ್ರಾಂ ನಿಂತುಬಿಟ್ಟಿತು. ಎಲ್ಲಿ ನಿಂತಿತೆಂದು ಹುಡುಕಿದರೆ, ಆ ಹಳ್ಳಿಗಿಂತ ಮೇಲೆ ನದಿಗೆ ಸೇರುವ ಶಾರೋಶ್ ಹಳ್ಳದ ಹೆಸರು ಸಿಕ್ಕಿತು.

ಆರು ವರ್ಷಗಳ ಹಿಂದೆ ಅಲ್ಲಿ ಹೊಸ ಸೇತುವೆ ಕಟ್ಟುವಾಗ ಅಳತೆಯ ಕಂಬ ಕಿತ್ತಿದ್ದರು. ಪಟ್ಟಿಯಿಂದ ಆ ಹೆಸರನ್ನು ಹೊಡೆದವಳು ಎತೆಲ್ಕಾಳೇ. ಪ್ರೋಗ್ರಾಮನ್ನು ಯಾರೂ ತಿದ್ದಲಿಲ್ಲ. ಅದು ಪ್ರತಿ ಬೆಳಿಗ್ಗೆ ಶಾರೋಶ್‌ನ ನೀರೆಷ್ಟೆಂದು ಮೆಮೊರಿಯ ಖಾಲಿ ಜಾಗವನ್ನು ಕೇಳಿ, ಸೊನ್ನೆ ಹೊತ್ತುಕೊಂಡು ಬರುತ್ತಿತ್ತು. ಅಷ್ಟೂ ವರ್ಷ ಆ ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರು. ಯಾರಿಗೂ ವ್ಯತ್ಯಾಸ ಕಾಣಲಿಲ್ಲ.

ಸೇತುವೆಯ ಪಕ್ಕದ ಬ್ರೆಡ್ ಅಂಗಡಿಗೆ ಫೋನ್ ಮಾಡಿದಳು.

"ಹಳ್ಳಾನಾ?" ಎಂದಳು ಅಂಗಡಿಯವಳು. "ಸೇತುವೆಯ ತೊಲೆ ಮುಟ್ಟಿದೆ. ಅಬ್ಬಾ, ಕಚೇರಿಯವ್ರಿಗೆ ನಮ್ಮ ನೆನಪಾಯ್ತಲ್ಲ!"

ತೊಲೆಯ ಎತ್ತರ ಸೇತುವೆಯ ನಕ್ಷೆಯಲ್ಲಿತ್ತು. ಅದರಿಂದ ನೀರಿನ ಲೆಕ್ಕ ಕಟ್ಟಿ ತುಂಬಿದಳು. ಈ ಸಲ ಪ್ರೋಗ್ರಾಂ ಕೊನೆಯವರೆಗೂ ಓಡಿತು. ನೀರು ಏರಿಯ ಮೇಲೆ ಹತ್ತಿ ಹರಿಯುತ್ತದೆ ಎಂದಿತು. ಕೆಲೆಮೆನ್ ಎರಡು ಸಲ ಓದಿ ಸಹಿ ಹಾಕಿದ. ಪ್ರಕಟಣೆ ಒಂಬತ್ತೂ ಹತ್ತಕ್ಕೆ ಹೋಯಿತು.

ಸಂಜೆಯೊಳಗೆ ನೀರು ಏರಿಯನ್ನು ದಾಟಿತು. ಹಳ್ಳಿ ಅಷ್ಟರಲ್ಲಿ ಖಾಲಿಯಾಗಿತ್ತು, ಮಾರ್ಟೊನ್ ಎಂಬ ಮುದಿ ಬಡಗಿಯೊಬ್ಬನ ಹೊರತು. ಏಳಕ್ಕೆ ಕಾಗದ ಬರದಿದ್ದರೆ ಗಂಡಾಂತರವಿಲ್ಲವೆಂದು ಆ ಕಡೆಯವರು ತಿಳಿಯುತ್ತಾರೆ. ಕೆಟ್ಟ ಸುದ್ದಿಯನ್ನು ಕಚೇರಿ ಎಂದೂ ತಡಮಾಡಿದ್ದಿಲ್ಲ. ಅವನೂ ಹಾಗೇ ತಿಳಿದು ಜೇನುಪೆಟ್ಟಿಗೆ ನೋಡಲು ನದಿಯಂಚಿನ ತೋಟಕ್ಕೆ ಹೋಗಿದ್ದ. ಮೂರು ದಿನದ ಮೇಲೆ ಹೆಣವಾಗಿ ಸಿಕ್ಕಿದ.

ವಿಚಾರಣೆಗೆ ವರದಿ ಬರೆಯಬೇಕಾಯಿತು. "ದೆಜೊ ಹೆಸರು ಹಾಕು," ಎಂದ ಕೆಲೆಮೆನ್, ಮೆಲ್ಲಗೆ. "ಸತ್ತವನ ಪೆನ್ಷನ್ ಯಾರೂ ಕಡಿಯಲ್ಲ."

"ಅವನು ಸತ್ತಾಗ ಆ ಕಂಬ ನೆಟ್ಟಗೇ ನಿಂತಿತ್ತು. ಹೆಸರು ಹೊಡೆದವಳು ನಾನು, ಸಾಲು ಬೆರಳಚ್ಚಿಸಿದವಳೂ ನಾನು."

"ಹಳ್ಳಿ ಉಳಿಸಿದವಳೂ ನೀನೇ ಅಲ್ವಾ?"

"ಅದನ್ನ ನೀವು ಬೇಕಾದ್ರೆ ಬೇರೆ ಹಾಳೇಲಿ ಬರೀರಿ."

ಅವನು ಬರೆಯಲಿಲ್ಲ. ಎತೆಲ್ಕಾಳನ್ನು ಮೇಲಂತಸ್ತಿನ ನಕ್ಷೆಗಳ ಕೋಣೆಗೆ ಹಾಕಿದರು. ನಿವೃತ್ತಿಯವರೆಗೆ ಹನ್ನೊಂದು ವರ್ಷ ಅಲ್ಲೇ ಇದ್ದಳು. ಆಕೆಯ ಕುರ್ಚಿಗೆ ಬಂದ ವಿಲ್ಮಾ ಎಂಬ ಹೆಂಗಸು ಎರಡನೆಯ ಅಪ್ಪಣೆಯಿಲ್ಲದ ಸಾಲನ್ನೇ ಓಡಿಸುತ್ತಿದ್ದಳು. ಆಗಾಗ ಬೆಳಿಗ್ಗೆ ಕೆಳಗಿನಿಂದ ಫೋನ್ ಮಾಡುತ್ತಿದ್ದಳು: "ಮತ್ತೆ ನಿಂತ್ಹೋಯ್ತು ಕಣ್ರೀ. ಹಳೇ ಸಾಲೇ ಹಾಕ್ಬಿಡ್ಲಾ?"

"ಯಾವ ಊರಿನ ಹತ್ರ ನಿಂತಿದೆ ನೋಡಿ," ಎನ್ನುತ್ತ ಎತೆಲ್ಕಾ ಆ ಊರಿನ ನಕ್ಷೆ ತೆಗೆದುಕೊಂಡು ಕೆಳಗಿಳಿಯುತ್ತಿದ್ದಳು.