ಪಟ್ಟಿಯ ತಲೆಯಲ್ಲಿ ಕೂತ ಸಾಲು

ಮಂಜು ಮುಸುಕಿದ ಬೆಳಗಿನಲ್ಲಿ ಬಸ್ ನಿಲ್ದಾಣದ ಜನ ಜೋಡಣೆಯಮ್ಮನ ಕಣ್ಣಿಗೆ ತಾವಾಗಿಯೇ ಸರಿದು ನಿಲ್ಲುತ್ತಾರೆ: ಎತ್ತರದ ಪ್ರಕಾರ, ಕೊಡೆಯ ಬಣ್ಣದ ಪ್ರಕಾರ. ಇಪ್ಪತ್ತೆರಡು ವರ್ಷಗಳಿಂದ ಅವರು ನೋಡಿಕೊಳ್ಳುತ್ತಿರುವುದು ಒಂದೇ ಪ್ರೋಗ್ರಾಮು. ಕಂಪ್ಯೂಟರಿಗೆ ಕೊಟ್ಟ ಸಾಲುಗಳನ್ನು ಕ್ರಮವಾಗಿ ಜೋಡಿಸುವುದಷ್ಟೇ ಅದರ ಕೆಲಸ. ಕಚೇರಿಯಲ್ಲಿ ಅವರಿಗೆ ಆ ಹೆಸರು ಬಿದ್ದದ್ದು ಅದರಿಂದಲೇ.

ಎರಡನೆಯ ಕಾಲಂ ನೋಡಿ ಜೋಡಿಸು ಎನ್ನಲು ಹಿಂದೆ ‘+1’ ಎಂದು ಬರೆಯುತ್ತಿದ್ದರು. ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು, ಹಾಗಾಗಿ ಎರಡನೆಯದು ಒಂದು. ಹೊಸ ಮಾನದಂಡದಲ್ಲಿ ‘+1’ ಎಂದರೆ ಬರೀ ಒಂದು ಫೈಲಿನ ಹೆಸರು. ಮಾನದಂಡ ಪಾಲಿಸದಿದ್ದರೆ ಪ್ರಮಾಣಪತ್ರವಿಲ್ಲ. ಅದಿಲ್ಲದೆ ಈ ಪ್ರೋಗ್ರಾಮನ್ನು ಹೊಸ ಯಂತ್ರಗಳಿಗೆ ಯಾರೂ ಹಾಕಿಕೊಳ್ಳುವುದಿಲ್ಲ.

“ಹಳೇದನ್ನ ಕಿತ್ತಾಕಿ ಮೇಡಂ,” ಎಂದರು ಪರೀಕ್ಷೆ ಮಾಡುವ ಅಧಿಕಾರಿ. “ಈಗ ಯಾರು ಬಳಸ್ತಾರೆ ಅದನ್ನ?”

“ನಮ್ಮ ನಾದಿನಿ.”

ನಾದಿನಿ ರಕ್ತನಿಧಿಯಲ್ಲಿ ಗುಮಾಸ್ತೆ. ಎಂದೋ ನಿವೃತ್ತರಾದವರೊಬ್ಬರು ‘+1’ ಹಾಕಿ ಬರೆದಿಟ್ಟ ಆದೇಶಗಳು ಅಲ್ಲಿ ಪ್ರತಿ ಬೆಳಿಗ್ಗೆ ರಕ್ತದ ಚೀಲಗಳನ್ನು ಅವಧಿ ಮುಗಿಯುವ ದಿನಾಂಕದ ಪ್ರಕಾರ ಜೋಡಿಸಿ, ಮೊದಲ ಹನ್ನೆರಡನ್ನು ಮುದ್ರಿಸುತ್ತವೆ. ವಾರ್ಡಿಗೆ ಮೊದಲು ಹೋಗಬೇಕಾದವು ಅವೇ.

ಜೋಡಣೆಯಮ್ಮ ಪ್ರೋಗ್ರಾಮಿನೊಳಗೆ ಸ್ವಿಚ್ಚಿನಂಥ ಒಂದು ಕೀಲಿ ಇಟ್ಟರು. ಅದನ್ನು ಹಾಕಿದರೆ ಮಾನದಂಡದ ನಡೆ, ಹಾಕದಿದ್ದರೆ ಹಳೆಯ ನಡೆ. ಆದರೂ ಮನಸ್ಸು ತಡೆಯದೆ, ‘+1’ ಕಂಡಾಗಲೆಲ್ಲ ಎಚ್ಚರಿಕೆಯ ಒಂದು ಸಾಲು ಬರುವಂತೆ ಮಾಡಿ, ಆ ಹೊಸ ಪ್ರತಿಯನ್ನು ರಕ್ತನಿಧಿಯ ಯಂತ್ರಕ್ಕೆ ಹಾಕಿಸಿದರು.

ಮರುದಿನ ಒಂಬತ್ತೂವರೆಗೆ ಫೋನ್.

“ಅತ್ತಿಗೆ, ಇವತ್ತು ಮೊದಲು ಕೊಡೋ ಚೀಲದ ಹೆಸರು ‘ಈ ರೂಪ ಹಳೆಯದು, ಬದಲಿಸಿ’ ಅಂತಿದೆ. ಯಾವ ಗುಂಪಿನ ರಕ್ತ ಇದು?”

“ಅಯ್ಯೋ, ಅದು ನನ್ನದೇ ಕಣೇ!”

“ನೀವು ಹಳೇದು ಅಂತ ಅಣ್ಣ ಮೊದಲೇ ಹೇಳಿದ್ದ.” ನಾದಿನಿಯ ನಗು ನಿಂತಿತು. “ಆದ್ರೆ ಹನ್ನೆರಡನೇ ಚೀಲ ಪಟ್ಟೀಲಿಲ್ಲ. ನಾಳೆಗೆ ಅವಧಿ ಮುಗಿಯುತ್ತೆ ಅದಕ್ಕೆ. ಫ್ರಿಜ್ ತೆಗೆದು ಕೈಯಲ್ಲಿ ಎಣಿಸಿದ್ದಕ್ಕೆ ಸಿಕ್ತು.”

ಎಚ್ಚರಿಕೆಗೆ ಬೇರೆಯೇ ದಾರಿ ಇರುತ್ತದೆ, ಪಟ್ಟಿಗೆ ಸೇರುವುದಿಲ್ಲ ಎಂದು ಜೋಡಣೆಯಮ್ಮ ನಂಬಿದ್ದರು. ಆ ನಿವೃತ್ತರು ಎರಡು ದಾರಿಯನ್ನೂ ಒಂದೇ ಕಾಗದಕ್ಕೆ ತಿರುಗಿಸಿದ್ದರು. ಮೇಲೆ ಒಂದು ಸಾಲು ಬಂದು ಕೂತಾಗ ಕೆಳಗಿನದು ಜಾರಿ ಬಿದ್ದಿತ್ತು.

ಜೋಡಣೆಯಮ್ಮ ಆ ಸಾಲನ್ನು ಅಂದೇ ಅಳಿಸಿ, ಎಚ್ಚರಿಕೆಯನ್ನು ಕೈಪಿಡಿಯಲ್ಲಷ್ಟೇ ಬರೆದರು. ಅಧಿಕಾರಿ ಕೀಲಿ ಹಾಕಿ ಪರೀಕ್ಷಿಸಿದರು, ಪ್ರಮಾಣಪತ್ರ ಬಂತು. ರಕ್ತನಿಧಿಗೆ ಹೋದದ್ದು ಕೀಲಿ ಹಾಕದ ಪ್ರತಿ.

ಮಾರನೆಯ ಬೆಳಿಗ್ಗೆ ಅವರು ಫೋನಿನ ಪಕ್ಕ ಕೂತರು. ಮಂಜಿನಾಚೆ, ತಾವೆಂದೂ ಕಾಣದ ಕೋಣೆಗಳಲ್ಲಿ, ಯಾರೋ ಎಂದೋ ಸೊನ್ನೆಯಿಂದ ಎಣಿಸಿ ಬಿಟ್ಟುಹೋದ ಪಟ್ಟಿಗಳು ಒಂದೊಂದೇ ಹೊರಬರುತ್ತಿರುವಂತೆ ಅನಿಸಿತು. ಒಂಬತ್ತೂವರೆಯಾಯಿತು, ಹತ್ತಾಯಿತು. ಯಾರೂ ಫೋನ್ ಮಾಡಲಿಲ್ಲ.